ಕೈಗೆ ಜಾಯ್‌ಸ್ಟಿಕ್, ಕಾಲಿಗೆ ಪೆಡಲ್: ಮಲೆನಾಡಿನ ಮಳೆಗೆ ಬಾಳಿಕೆ ಬರುವುದು ಯಾವುದು?

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ, ಅಂದರೆ ಫ್ಲೈಟ್ ಸಿಮ್ಯುಲೇಟರ್‌ಗೆಂದು ಜಾಯ್‌ಸ್ಟಿಕ್ ಕೊಳ್ಳುವವರು ಮೊದಲು ಎಣಿಸುವುದು ಬಟನ್. ಒಂದರಲ್ಲಿ 12 ಇದೆ, ಇನ್ನೊಂದರಲ್ಲಿ 16 ಇದೆ, ಹಾಗಾದರೆ ಎರಡನೆಯದೇ ಮೇಲು ಎಂಬ ಲೆಕ್ಕ. ಎರಡು ಮಳೆಗಾಲ ಕಳೆಯಲಿ, ಆ ಬಟನ್‌ಗಳು ಬಹುಪಾಲು ಸರಿಯಾಗೇ ಇರುತ್ತವೆ. ಕೆಡುವುದು ಕಣ್ಣಿಗೆ ಬೀಳದ ಭಾಗ: ಕೋಲು ಎಷ್ಟು ವಾಲಿತು, ಎಷ್ಟು ತಿರುಗಿತು ಎಂದು ಅಳೆಯುವ ಸೆನ್ಸರ್. ಅದು ಹಾಳಾದರೆ ಕೈ ಬಿಟ್ಟು ಕೂತಿದ್ದರೂ ವಿಮಾನ ತಾನಾಗಿ ಮೂಗನ್ನು ಎಡಕ್ಕೆ ಬಲಕ್ಕೆ ಆಡಿಸುತ್ತದೆ. ಆಟದ್ದೇ ತಪ್ಪು, ವಿಂಡೋಸ್‌ದೇ ತಪ್ಪು ಎಂದು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದರೂ ಅದು ನಿಲ್ಲುವುದಿಲ್ಲ.

ಶಿವಮೊಗ್ಗದಿಂದ ಪಶ್ಚಿಮಕ್ಕೆ ಹೋದಷ್ಟೂ ಈ ಕಾಯಿಲೆ ಬೇಗ ಬರುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಮುತ್ತ, ತೀರ್ಥಹಳ್ಳಿ, ಹೊಸನಗರದ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಚರ್ಮದ ಬೆಲ್ಟಿಗೇ ಬೂಷ್ಟು ಬರುತ್ತದೆ. ಒಣ ಹವೆಯ ಊರಿನಲ್ಲಿ ಕೂತು ಬರೆದ ವಿಮರ್ಶೆಗಳಲ್ಲಿ ಈ ಲೆಕ್ಕ ಇರುವುದಿಲ್ಲ. ಆದ್ದರಿಂದ ಇಲ್ಲಿ ಸಾಮಾನುಗಳನ್ನು ತೂಗಿರುವ ಕ್ರಮವೇ ಬೇರೆ. ಮೊದಲು ಸೆನ್ಸರ್, ಆಮೇಲೆ ಬೇಸ್ ಮತ್ತು ಸ್ಪ್ರಿಂಗ್, ಕಾಲಿನಿಂದ ರಡ್ಡರ್, ಅಂದರೆ ವಿಮಾನದ ಬಾಲದಲ್ಲಿರುವ ಚುಕ್ಕಾಣಿ, ಆಡಿಸುವ ಪೆಡಲ್ ಆದರೆ ಅದು ನೆಲ ಕಚ್ಚಿ ಕೂರುವ ಬಗೆ. ಬಟನ್ ಕೊನೆಗೆ.

ಒಳಗೆ ಏನಿದೆ

ಅಗ್ಗದ ಜಾಯ್‌ಸ್ಟಿಕ್‌ಗಳಲ್ಲೂ ಬಹುತೇಕ ಅಗ್ಗದ ಪೆಡಲ್‌ಗಳಲ್ಲೂ ಇರುವುದು ಪೊಟೆನ್ಷಿಯೊಮೀಟರ್, ರಿಪೇರಿ ಅಂಗಡಿಯ ಭಾಷೆಯಲ್ಲಿ ‘ಪಾಟ್’. ಹಳೆಯ ರೇಡಿಯೊದ ವಾಲ್ಯೂಮ್ ತಿರುಗಣಿಯೊಳಗೆ ಇರುತ್ತಿದ್ದುದೇ ಇದು. ಇಂಗಾಲದ ಪಟ್ಟಿಯ ಮೇಲೆ ಲೋಹದ ಸಣ್ಣ ನಾಲಿಗೆ ಉಜ್ಜುತ್ತಾ ಸರಿಯುತ್ತದೆ. ಅದು ನಿಂತ ಜಾಗಕ್ಕೆ ತಕ್ಕಂತೆ ವೋಲ್ಟೇಜ್ ಬದಲಾಗುತ್ತದೆ. ಉಜ್ಜುವುದರಿಂದ ಸವೆತ ಖಂಡಿತ. ಅದರಲ್ಲೂ ಕೋಲು ಹೆಚ್ಚು ಹೊತ್ತು ಇರುವುದು ನಡುಮಧ್ಯದಲ್ಲಿ, ಹಾಗಾಗಿ ಮೊದಲು ಸವೆಯುವುದೂ ಅದೇ ಜಾಗ. ಧೂಳು ಹೊಕ್ಕರೆ, ತೇವಕ್ಕೆ ಲೋಹದ ಮೇಲೆ ಕಿಲುಬು ಕೂತರೆ ಸಂಪರ್ಕ ಕ್ಷಣಕಾಲ ತಪ್ಪುತ್ತದೆ. ಹಳೆಯ ರೇಡಿಯೊದಲ್ಲಿ ಅದು ಕರಕರ ಸದ್ದಾಗಿ ಕೇಳುತ್ತಿತ್ತು. ಇಲ್ಲಿ ವಿಮಾನ ಬೆಚ್ಚಿಬಿದ್ದಂತೆ ಕುಪ್ಪಳಿಸುತ್ತದೆ.

ಇನ್ನೊಂದು ಬಗೆ ಹಾಲ್ ಎಫೆಕ್ಟ್ ಸೆನ್ಸರ್. ಕೋಲಿನ ಬುಡದಲ್ಲಿ ಪುಟ್ಟ ಅಯಸ್ಕಾಂತ, ಅದರೆದುರು ಚಿಪ್. ಒಂದಕ್ಕೊಂದು ತಾಗುವುದೇ ಇಲ್ಲ, ಅಯಸ್ಕಾಂತ ಕ್ಷೇತ್ರದ ಬದಲಾವಣೆಯನ್ನು ಚಿಪ್ ಓದುತ್ತದೆ. ಸವೆಯಲು ಏನೂ ಇಲ್ಲ, ಬೂಷ್ಟಿಗೆ ಹೆದರಬೇಕಿಲ್ಲ. ಇದಕ್ಕೂ ತೊಂದರೆ ಬರುವುದಿದೆ: ಅಯಸ್ಕಾಂತ ಅಂಟಿಸಿದ ಗೋಂದು ಬಿಟ್ಟರೆ ನಡುಬಿಂದು ಅಲೆಯುತ್ತದೆ, ದೊಡ್ಡ ಸ್ಪೀಕರ್ ಪಕ್ಕದಲ್ಲೇ ಇಟ್ಟರೆ ಓದು ವಾಲಬಹುದು. ಇವು ಅಪರೂಪ.

ಎಡವುವುದು ಇನ್ನೊಂದು ಕಡೆ. ಪೆಟ್ಟಿಗೆಯ ಮೇಲೆ ‘ಹಾಲ್ ಎಫೆಕ್ಟ್’ ಎಂದು ಅಚ್ಚಾಗಿದ್ದರೆ ಎಲ್ಲ ಆಕ್ಸಿಸ್‌ಗಳಲ್ಲೂ, ಅಂದರೆ ಅಳೆಯುವ ಪ್ರತಿ ಚಲನೆಯಲ್ಲೂ, ಅದೇ ಇದೆ ಎಂದು ಅರ್ಥವಲ್ಲ. ಥ್ರಸ್ಟ್‌ಮಾಸ್ಟರ್ ಟಿ.16000ಎಂ ಇದಕ್ಕೆ ಒಳ್ಳೆಯ ಉದಾಹರಣೆ. ಮುಂದೆ-ಹಿಂದೆ, ಎಡ-ಬಲ ವಾಲುವುದಕ್ಕೆ ಹಾಲ್ ಸೆನ್ಸರ್, ಒಂದೊಂದು ಆಕ್ಸಿಸ್‌ಗೆ 16,384 ಹಂತ. ಆದರೆ ಕೋಲನ್ನು ತಿರುಚಿದಾಗ ರಡ್ಡರ್ ಆಡಿಸುವ ಟ್ವಿಸ್ಟ್ ಆಕ್ಸಿಸ್‌ಗೆ, ಎಂಜಿನ್ನಿನ ಬಲ ಹೆಚ್ಚುಕಡಿಮೆ ಮಾಡುವ, ಬುಡದಲ್ಲಿರುವ ಥ್ರಾಟಲ್ ಸ್ಲೈಡರ್‌ಗೆ ಇರುವುದು ಹಳೇ ಪಾಟ್. ಈ ಜಾಯ್‌ಸ್ಟಿಕ್ ಬಗ್ಗೆ ಕೇಳಿಬರುವ ದೂರಿನಲ್ಲಿ ಬಹುಪಾಲು ಟ್ವಿಸ್ಟ್‌ನದ್ದೇ.

ಹಂತಗಳ ಸಂಖ್ಯೆಗೂ ಹೆಚ್ಚು ಮರುಳಾಗಬೇಕಿಲ್ಲ. 8 ಬಿಟ್ ಎಂದರೆ 256 ಹಂತ, ಸಾಲದು. 10 ಬಿಟ್ ಎಂದರೆ 1,024, ನಡೆಯುತ್ತದೆ. 12 ಬಿಟ್‌ನ 4,096 ದಾಟಿದ ಮೇಲೆ ವ್ಯತ್ಯಾಸ ಕೈಗೆ ತಿಳಿಯುವುದಿಲ್ಲ. ತಿಳಿಯುವುದು ಗಿಂಬಲ್ ಸಡಿಲವಿದೆಯೋ ಬಿಗಿಯಿದೆಯೋ ಎಂಬುದು. ಗಿಂಬಲ್ ಎಂದರೆ ಕೋಲನ್ನು ಎರಡು ದಿಕ್ಕಿಗೆ ವಾಲಲು ಬಿಡುವ ಕೀಲು. ಅದು ಲೊಡಲೊಡ ಎನ್ನುತ್ತಿದ್ದರೆ 16 ಬಿಟ್ ಸೆನ್ಸರ್ ಆ ಲೊಡಲೊಡವನ್ನೇ ಬಹಳ ನಿಖರವಾಗಿ ಅಳೆದು ಕೊಡುತ್ತದೆ, ಅಷ್ಟೇ.

ಯಾವ ಜಾಯ್‌ಸ್ಟಿಕ್

ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊ ಎಲ್ಲಕ್ಕಿಂತ ಸುಲಭವಾಗಿ ಸಿಗುವುದು, ಬೆಲೆಯಲ್ಲಿ ಕೆಳಗಿನದು. ಬೇಸ್ ಅಗಲವಾಗಿದೆ, ಮೇಜಿನ ಮೇಲೆ ಮಗುಚಿಕೊಳ್ಳುವುದಿಲ್ಲ. ಹಿಡಿ ಬಲಗೈಗೆ ಮಾತ್ರ. ನಡುವಿನಲ್ಲಿ ಸ್ವಲ್ಪ ಸಡಿಲ ಇದೆ, ಟ್ವಿಸ್ಟ್ ಕಾಲಕ್ರಮೇಣ ನಡುಗಲು ಶುರುವಾಗುತ್ತದೆ. ಈ ಹವ್ಯಾಸ ತನಗೆ ಒಗ್ಗುತ್ತದೋ ಇಲ್ಲವೋ ನೋಡುವವರಿಗೆ ಸಾಕು. ಆಟಕ್ಕೂ ದುಡ್ಡು ಹಾಕದೆ ನೋಡಬೇಕೆಂದರೆ ಫ್ಲೈಟ್‌ಗಿಯರ್ ಉಚಿತ ಸಿಗುತ್ತದೆ, ಇದರ ಜೊತೆ ಚೆನ್ನಾಗಿಯೇ ಓಡುತ್ತದೆ.

ಅದೇ ಥ್ರಸ್ಟ್‌ಮಾಸ್ಟರ್‌ನ ಟಿ.ಫ್ಲೈಟ್ ಹೋಟಾಸ್ ಸರಣಿಯಲ್ಲಿ ಥ್ರಾಟಲ್ ಬೇರೆಯಾಗಿ ಬರುತ್ತದೆ. ಇದರ ಒಂದು ಗುಣ ಮೆಚ್ಚಬೇಕಾದ್ದು: ರಡ್ಡರ್‌ಗೆ ಟ್ವಿಸ್ಟ್ ಅಲ್ಲದೆ ಥ್ರಾಟಲ್‌ನ ಮುಂಭಾಗದಲ್ಲಿ ಬೆರಳಿಗೆ ಸಿಗುವ ತೂಗು ಸನ್ನೆ ಇದೆ. ಟ್ವಿಸ್ಟ್ ಕೆಟ್ಟರೂ ಅದನ್ನು ಲಾಕ್ ಮಾಡಿ ಸನ್ನೆಯಿಂದ ಆಡಿಸಬಹುದು. ಸೆನ್ಸರ್ ಮಾತ್ರ ಪಾಟ್, ಬಿಗಿತದ ಸ್ಕ್ರೂ ಎಷ್ಟು ತಿರುಗಿಸಿದರೂ ಕೋಲು ಮೆತ್ತಗೇ.

ಟಿ.16000ಎಂ ಈಗಾಗಲೇ ಹೇಳಿದಂತೆ ಅರ್ಧ ಹಾಲ್, ಅರ್ಧ ಪಾಟ್. ಪೆಡಲ್ ಕೊಳ್ಳುವ ಯೋಚನೆ ಇದ್ದರೆ ಈ ದರ್ಜೆಯಲ್ಲಿ ಇದೇ ಸರಿಯಾದ ಆಯ್ಕೆ. ಪೆಡಲ್ ಬಂದ ದಿನ ಟ್ವಿಸ್ಟ್ ಲಾಕ್ ಮಾಡಿದರೆ ಕೆಡುವ ಮುಖ್ಯ ಭಾಗಕ್ಕೆ ಕೆಲಸವೇ ಇರುವುದಿಲ್ಲ. ಎಡಗೈಯವರಿಗೆ ಹಿಡಿಯ ತುಂಡುಗಳನ್ನು ಬಿಚ್ಚಿ ಅದಲು ಬದಲು ಮಾಡುವ ಅನುಕೂಲವೂ ಇದೆ. ಏರ್‌ಬಸ್ ಎ320 ಹಾರಿಸುವವರಿಗೆಂದು ಬಂದಿರುವ ಟಿಸಿಎ ಸೈಡ್‌ಸ್ಟಿಕ್‌ನ ಒಳಗಿರುವುದೂ ಇದೇ ತಂತ್ರ. ಹೊರಗಿನ ಬಣ್ಣ, ಬಟನ್‌ಗಳ ಜಾಗ ಬೇರೆ.

ವಿಕೆಬಿ ಗ್ಲಾಡಿಯೇಟರ್ ಎನ್‌ಎಕ್ಸ್‌ಟಿ ಇವೊ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ನಮ್ಮ ಹವೆಗೆ ಕಣ್ಣುಮುಚ್ಚಿ ಹೇಳಬಹುದಾದ ಹೆಸರು ಇದೊಂದೇ. ವಾಲುವುದಕ್ಕೂ ಟ್ವಿಸ್ಟ್‌ಗೂ ತಾಗದೆ ಅಳೆಯುವ ಸೆನ್ಸರ್ ಇದೆ. ಪೆಟ್ಟಿಗೆಯಲ್ಲೇ ಬೇರೆ ಬೇರೆ ಬಿಗಿತದ ಸ್ಪ್ರಿಂಗ್ ಬರುತ್ತವೆ. ಅದರ ಜೊತೆ ಎರಡೂ ಆಕ್ಸಿಸ್‌ಗೆ ಒಣ ಕ್ಲಚ್ ಇದೆ, ಬಿಗಿ ಮಾಡಿದಷ್ಟು ಚಲನೆ ಭಾರವಾಗುತ್ತದೆ. ಹೆಲಿಕಾಪ್ಟರ್ ಹಾರಿಸುವವರು ಸಡಿಲ ಸ್ಪ್ರಿಂಗ್ ಹಾಕಿ ಕ್ಲಚ್ ಬಿಗಿ ಮಾಡಿದರೆ ಕೋಲು ಬಿಟ್ಟಲ್ಲೇ ನಿಲ್ಲುವ ಹದಕ್ಕೆ ಹತ್ತಿರ ಬರುತ್ತದೆ. ಇದರ ಸಾಫ್ಟ್‌ವೇರ್ ಮಾತ್ರ ಹೊಸಬರಿಗೆ ಕಬ್ಬಿಣದ ಕಡಲೆ. ಭಾರತಕ್ಕೆ ಹೊರಗಿನಿಂದ ತರಿಸುವುದಾದರೆ ಪೆಟ್ಟಿಗೆಯ ಬೆಲೆಯ ಮೇಲೆ ಕಸ್ಟಮ್ಸ್ ಸುಂಕ, ಐಜಿಎಸ್‌ಟಿ, ಕೊರಿಯರ್‌ನವರ ಶುಲ್ಕ ಬೀಳುತ್ತದೆ, ಕೆವೈಸಿ ಕಾಗದವನ್ನೂ ಕೇಳುತ್ತಾರೆ. ಜಾಲತಾಣದಲ್ಲಿ ಕಂಡ ಬೆಲೆಯನ್ನು ಕೊನೆಯ ಬೆಲೆ ಎಂದುಕೊಳ್ಳಬೇಡಿ.

ಥ್ರಸ್ಟ್‌ಮಾಸ್ಟರ್ ವಾರ್ಥಾಗ್ ಎ-10ಸಿ ಯುದ್ಧವಿಮಾನದ ಹಿಡಿಯ ಪ್ರತಿರೂಪ, ಲೋಹದ್ದು, ಗಟ್ಟಿಮುಟ್ಟು. ಟ್ವಿಸ್ಟ್ ಇಲ್ಲವೇ ಇಲ್ಲ. ಅಂದರೆ ಇದನ್ನು ಕೊಂಡವರು ಪೆಡಲ್ ಕೊಳ್ಳಲೇಬೇಕು ಎಂಬುದನ್ನು ಬಜೆಟ್ಟಿನಲ್ಲಿ ಮೊದಲೇ ಸೇರಿಸಿಕೊಳ್ಳಬೇಕು. ಒಳಗಿನ ಪ್ಲಾಸ್ಟಿಕ್ ಗೋಳದ ಗ್ರೀಸ್ ಒಣಗಿದರೆ ನಡುವಿನಿಂದ ಹೊರಡುವಾಗ ಅಂಟಿಕೊಂಡು ತಟ್ಟನೆ ಬಿಡುತ್ತದೆ. ಗುರಿ ಇಡುವಾಗ ಇದು ಬಹಳ ಕಾಡುತ್ತದೆ.

ಸೆಸ್ನಾ 172ರಂಥ ಪುಟ್ಟ ವಿಮಾನ ಅಥವಾ ಎಟಿಆರ್ 72ರಂಥ ಪ್ರೊಪೆಲ್ಲರ್ ಪ್ರಯಾಣಿಕ ವಿಮಾನ ಮಾತ್ರ ಹಾರಿಸುತ್ತೇವೆ ಎನ್ನುವವರು ಜಾಯ್‌ಸ್ಟಿಕ್ ಬದಲು ಯೋಕ್, ಅಂದರೆ ಸ್ಟೀರಿಂಗಿನಂತೆ ಎರಡೂ ಕೈಯಲ್ಲಿ ಹಿಡಿಯುವ ಹಿಡಿ, ನೋಡಬೇಕು, ಏಕೆಂದರೆ ನಿಜವಾದ ವಿಮಾನದಲ್ಲೂ ಅದೇ ಇದೆ. ಹನಿಕೋಂಬ್ ಆಲ್ಫಾ ಯೋಕ್ 180 ಡಿಗ್ರಿ ತಿರುಗುತ್ತದೆ, ಹಾಲ್ ಸೆನ್ಸರ್ ಇದೆ. ಹಳೇ ಮನೆಗಳ ಬೀಟೆ ಅಥವಾ ಹಲಸಿನ ಮೇಜಿಗೆ ಕ್ಲ್ಯಾಂಪ್ ಹಿಡಿಯುತ್ತದೆಯೇ ಎಂದು ಹಲಗೆಯ ದಪ್ಪ ಅಳೆದುಕೊಳ್ಳಿ. ಅಂಚಿಗೆ ಕೆತ್ತನೆಯ ಪಟ್ಟಿ ಇದ್ದರೆ ಕ್ಲ್ಯಾಂಪ್ ಕೂರುವುದಿಲ್ಲ.

ಪೆಡಲ್ ಏಕೆ ಬೇಕು

ಟ್ವಿಸ್ಟ್ ಇರುವಾಗ ಪೆಡಲ್ ಶೋಕಿ ಎನ್ನುವ ಮಾತಿದೆ. ವಿಮಾನ ನೆಲದಲ್ಲಿ ಓಡುವಾಗ ಅದು ಸುಳ್ಳಾಗುತ್ತದೆ. ಸೆಸ್ನಾದಂಥ ಒಂದು ಎಂಜಿನ್ನಿನ ವಿಮಾನದಲ್ಲಿ ಥ್ರಾಟಲ್ ಪೂರ್ತಿ ಕೊಟ್ಟಾಗ ಪ್ರೊಪೆಲ್ಲರ್ ತಿರುಗುವ ಪರಿಣಾಮವಾಗಿ ಮೂಗು ಎಡಕ್ಕೆ ಎಳೆಯುತ್ತದೆ, ಬಲಗಾಲಿನಿಂದ ಅದನ್ನು ಹದವಾಗಿ ತಡೆಯುತ್ತಲೇ ಇರಬೇಕು. ಅದೇ ಕ್ಷಣ ಕೈ ಕೋಲನ್ನು ಹಿಂದಕ್ಕೆ ಎಳೆಯಬೇಕು. ಒಂದೇ ಮಣಿಕಟ್ಟು ಎಳೆಯುವುದು, ವಾಲಿಸುವುದು, ತಿರುಚುವುದು ಮೂರನ್ನೂ ಮಾಡುವಾಗ ಒಂದು ಇನ್ನೊಂದಕ್ಕೆ ಬೆರೆತೇ ಬೆರೆಯುತ್ತದೆ. ತಿರುಚಲು ಹೋದರೆ ರೆಕ್ಕೆಯೂ ವಾಲುತ್ತದೆ.

ಅಡ್ಡಗಾಳಿಯಲ್ಲಿ ಇಳಿಯುವುದು ಇನ್ನೂ ಕಷ್ಟ. ಶಿವಮೊಗ್ಗ ಬಳಿಯ ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದ ರನ್‌ವೇ 3,200 ಮೀಟರ್ ಉದ್ದ. ಉದ್ದ ಎಷ್ಟೇ ಇದ್ದರೂ ಅಡ್ಡಗಾಳಿಗೆ ಬೇಕಾಗುವುದು ಅಗಲ, ಅದು 45 ಮೀಟರ್ ಮಾತ್ರ. 2023ರ ಆಗಸ್ಟ್ 31ರಿಂದ ಅಲ್ಲಿಗೆ ಬರತೊಡಗಿದ ಎಟಿಆರ್‌ನಂಥ ವಿಮಾನವನ್ನು ಮಳೆಗಾಲದ ಗಾಳಿ ಪಕ್ಕದಿಂದ ತಳ್ಳಿದರೆ, ಮೂಗನ್ನು ಗಾಳಿಯ ಕಡೆಗೆ ಓರೆ ಇಟ್ಟು ಬಂದು, ಚಕ್ರ ತಾಗುವ ಮುನ್ನ ರಡ್ಡರ್ ಒತ್ತಿ ನೆಟ್ಟಗೆ ಮಾಡಬೇಕು. ಅದೇ ಹೊತ್ತಿಗೆ ಗಾಳಿ ಬರುವ ಕಡೆಯ ರೆಕ್ಕೆ ಮೇಲೇಳದಂತೆ ಕೈಯಿಂದ ಆ ಕಡೆಗೆ ವಾಲಿಸಬೇಕು. ಕೈ ಒಂದು ದಿಕ್ಕಿಗೆ, ಕಾಲು ಎದುರು ದಿಕ್ಕಿಗೆ. ಟ್ವಿಸ್ಟ್ ಇಟ್ಟುಕೊಂಡು ಇದನ್ನು ಕಲಿತವರೂ ಇದ್ದಾರೆ, ಆದರೆ ಕಲಿತದ್ದು ಟ್ವಿಸ್ಟ್‌ನ ವಿದ್ಯೆ, ಕಾಲಿಗೆ ಬರುವುದಿಲ್ಲ.

ಬ್ರೇಕಿನ ವಿಷಯವೂ ಇದೆ. ಸೆಸ್ನಾ 172ರ ಮುಂಚಕ್ರ ಪೆಡಲ್ ಒತ್ತಿದರೆ ಸುಮಾರು 10 ಡಿಗ್ರಿ ಮಾತ್ರ ತಿರುಗುತ್ತದೆ. ಅದಕ್ಕಿಂತ ಚಿಕ್ಕ ತಿರುವಿಗೆ ಒಂದೇ ಬದಿಯ ಬ್ರೇಕ್ ಹಾಕಬೇಕು, ಆಗ 30 ಡಿಗ್ರಿವರೆಗೆ ಹೋಗುತ್ತದೆ. ಅದಕ್ಕೆ ಪೆಡಲಿನ ಮೇಲ್ತುದಿಯನ್ನು ಬೆರಳುಗಳಿಂದ ಒತ್ತುವ ಟೋ ಬ್ರೇಕ್ ಬೇಕು. ಇದು ಇಲ್ಲದ ಪೆಡಲ್‌ಗಳೂ ಮಾರುಕಟ್ಟೆಯಲ್ಲಿವೆ, ವಿಕೆಬಿಯ ಟಿ-ರಡ್ಡರ್ ಅಂಥದ್ದು. ಸೆನ್ಸರ್, ಗಟ್ಟಿತನ, ಚಿಕ್ಕ ಗಾತ್ರ ಎಲ್ಲದರಲ್ಲೂ ಅದು ಉತ್ತಮ. ಹೆಲಿಕಾಪ್ಟರ್‌ಗೆ, ಬ್ರೇಕನ್ನು ಕೈಸನ್ನೆಯಲ್ಲಿ ಹಾಕುವ ಸ್ಪಿಟ್‌ಫೈರ್‌ನಂಥ ಹಳೇ ಯುದ್ಧವಿಮಾನಗಳಿಗೆ ಹೇಳಿ ಮಾಡಿಸಿದ್ದು. ಪ್ರಯಾಣಿಕ ವಿಮಾನ ಹಾರಿಸುವವರು ಅದನ್ನು ತಂದರೆ ಬ್ರೇಕಿಗೆ ಬೇರೆ ಬಟನ್ ಹುಡುಕಬೇಕಾಗುತ್ತದೆ.

ಕೈಗೆಟಕುವ ಬೆಲೆಯಲ್ಲಿ ಎರಡೇ ಹೆಸರು. ಥ್ರಸ್ಟ್‌ಮಾಸ್ಟರ್ ಟಿಎಫ್‌ಆರ್‌ಪಿ ಮತ್ತು ಹಿಂದೆ ಸೈಟೆಕ್ ಹೆಸರಿನಲ್ಲಿದ್ದು, 2016ರಲ್ಲಿ ಆ ಬ್ರ್ಯಾಂಡ್ ಕೈಬದಲಾದ ಮೇಲೆ ಲಾಜಿಟೆಕ್ ಹೆಸರಿನಲ್ಲಿ ಬರುತ್ತಿರುವ ಫ್ಲೈಟ್ ರಡ್ಡರ್ ಪೆಡಲ್. ಎರಡರಲ್ಲೂ ಪೆಡಲ್ ಹಳಿಯ ಮೇಲೆ ಜಾರುತ್ತದೆ, ಎರಡರಲ್ಲೂ ಪಾಟ್. ಟಿಎಫ್‌ಆರ್‌ಪಿಯ ಎರಡು ಪೆಡಲ್‌ಗಳ ನಡುವೆ ಅಂತರ ತೀರಾ ಕಡಿಮೆ, ಉದ್ದಕಾಲಿನವರಿಗೆ ಒಂದು ಗಂಟೆಯಲ್ಲಿ ಮಂಡಿ ನೋಯುತ್ತದೆ. ಹಳಿ ಪ್ಲಾಸ್ಟಿಕ್ಕಿನದು, ಧೂಳು ಕೂತರೆ ಚಲನೆ ತಡೆತಡೆದು ಬರುತ್ತದೆ. ಹಗುರ ಬೇರೆ, ಜೋರಾಗಿ ಬ್ರೇಕ್ ಒತ್ತಿದರೆ ಎದುರಿಗೆ ಓಡಿಹೋಗುತ್ತದೆ. ಲಾಜಿಟೆಕ್‌ನದು ಅಗಲ, ಪಾದ ಪೂರ್ತಿ ಕೂರುತ್ತದೆ, ನಡುವೆ ಇರುವ ತಿರುಗಣಿಯಿಂದ ಬಿಗಿತ ಹೊಂದಿಸಬಹುದು. ಪಾದ ಪೂರ್ತಿ ಪೆಡಲಿನ ಮೇಲಿರುವುದರಿಂದಲೇ ರಡ್ಡರ್ ಒತ್ತಲು ಹೋಗಿ ಬ್ರೇಕೂ ಒತ್ತಿಹೋಗುವ ಅಭ್ಯಾಸ ಇದರಲ್ಲಿ ಬೇಗ ಬರುತ್ತದೆ. ಎರಡರಲ್ಲಿ ಒಂದು ಆರಿಸಬೇಕೆಂದರೆ ಲಾಜಿಟೆಕ್‌ನದು.

ಮೇಲಿನ ದರ್ಜೆಯಲ್ಲಿ ಥ್ರಸ್ಟ್‌ಮಾಸ್ಟರ್ ಟಿಪಿಆರ್ ಇದೆ. ಹಳಿಯೇ ಇಲ್ಲ, ಪೆಡಲ್‌ಗಳು ಮೇಲಿನಿಂದ ಲೋಲಕದಂತೆ ತೂಗುತ್ತವೆ. ಹಾಲ್ ಸೆನ್ಸರ್, ಸುಮಾರು 7 ಕಿಲೊ ತೂಕ. ಕ್ರೊಯೇಷಿಯಾದಲ್ಲಿ ತಯಾರಾಗುವ ಎಂಎಫ್‌ಜಿ ಕ್ರಾಸ್‌ವಿಂಡ್‌ನಲ್ಲಿ ಪೆಡಲ್‌ಗಳು ನಡುವಿನ ಕೀಲಿನ ಸುತ್ತ ತಕ್ಕಡಿಯಂತೆ ಚಲಿಸುತ್ತವೆ, ಟೋ ಬ್ರೇಕೂ ಇದೆ. ಇವುಗಳಲ್ಲಿ ಜಾರುವ ಪ್ಲಾಸ್ಟಿಕ್ ಹಳಿ ಇಲ್ಲದಿರುವುದೇ ದೊಡ್ಡ ಗುಣ. ಒಮ್ಮೆ ಕೊಂಡರೆ ಕಂಪ್ಯೂಟರ್ ಎರಡು ಸಲ ಬದಲಾದರೂ ಇವು ಉಳಿಯುತ್ತವೆ. ಒಟ್ಟು ದುಡ್ಡಿಗೆ ಮಿತಿ ಇದ್ದರೆ ಜಾಯ್‌ಸ್ಟಿಕ್ ಸಾಧಾರಣದ್ದು ಕೊಂಡು ಪೆಡಲ್ ಒಳ್ಳೆಯದು ಕೊಳ್ಳುವುದೇ ಲೇಸು. ಜನ ಮಾಡುವುದು ಇದಕ್ಕೆ ತದ್ವಿರುದ್ಧ.

ರೆಡ್ ಆಕ್ಸೈಡ್ ನೆಲದ ಸಮಸ್ಯೆ

ಮಲೆನಾಡಿನ ಮನೆಗಳಲ್ಲಿ ಪೆಡಲ್‌ಗೆ ದೊಡ್ಡ ಶತ್ರು ಮಳೆಯಲ್ಲ, ನೆಲ. ವರ್ಷಗಟ್ಟಲೆ ಒರೆಸಿ ಕನ್ನಡಿಯಂತಾದ ರೆಡ್ ಆಕ್ಸೈಡ್ ನೆಲದ ಮೇಲೆ 7 ಕಿಲೊದ ಟಿಪಿಆರ್ ಕೂಡ ಜಾರುತ್ತದೆ. ಪೆಡಲ್ ಮುಂದಕ್ಕೆ ಹೋಗದಂತೆ ಗೋಡೆಗೆ ಆನಿಸಿಟ್ಟರೆ ಚಕ್ರದ ಕುರ್ಚಿ ಹಿಂದಕ್ಕೆ ಹೋಗುತ್ತದೆ. ಕಾಲು ಒತ್ತಿದ ಬಲ ಎಲ್ಲಾದರೂ ಹೋಗಲೇಬೇಕಲ್ಲ! ಅಡಿಯಲ್ಲಿ ತೆಂಗಿನ ನಾರಿನ ಮ್ಯಾಟು ಹಾಕಿದರೆ ಮ್ಯಾಟೇ ಪೆಡಲ್ ಹೊತ್ತುಕೊಂಡು ಜಾರುತ್ತದೆ.

ಉಪಾಯ ಸುಲಭ. 18 ಮಿಲಿಮೀಟರ್ ದಪ್ಪದ, ಎರಡಡಿ ಅಗಲ, ನಾಲ್ಕಡಿ ಉದ್ದದ ಪ್ಲೈವುಡ್ ಹಲಗೆ ತನ್ನಿ. ಒಂದು ತುದಿಗೆ ಪೆಡಲ್ ಬಿಗಿಯಿರಿ, ಇನ್ನೊಂದು ತುದಿಯ ಮೇಲೆ ಕುರ್ಚಿಯ ಮುಂಗಾಲುಗಳು ಕೂರಲಿ. ಈಗ ಕಾಲು ಪೆಡಲನ್ನು ಎಷ್ಟು ಮುಂದಕ್ಕೆ ತಳ್ಳುತ್ತದೋ ಅಷ್ಟೇ ಬಲದಲ್ಲಿ ಬೆನ್ನು ಕುರ್ಚಿಯನ್ನು ಹಿಂದಕ್ಕೆ ಒತ್ತುತ್ತದೆ, ಎರಡೂ ಒಂದೇ ಹಲಗೆಯೊಳಗೆ ಸರಿಹೋಗಿ ನೆಲಕ್ಕೆ ಏನೂ ತಲುಪುವುದಿಲ್ಲ. ಮುಂಗಾಲುಗಳ ಹಿಂದೆ ಒಂದು ಇಂಚಿನ ಮರದ ಪಟ್ಟಿ ಹೊಡೆದರೆ ಕುರ್ಚಿ ಜಾರುವುದಿಲ್ಲ. ಚಕ್ರದ ಕುರ್ಚಿ ಬೇಡ, ನಾಲ್ಕು ಕಾಲಿನ ಮರದ ಕುರ್ಚಿಯೇ ಆಗಲಿ. ಪೆಡಲಿನ ಅಡಿಯಲ್ಲಿ ಸ್ಕ್ರೂ ತೂತು ಇದ್ದರೆ ಅದರ ಅಳತೆಯ ಬೋಲ್ಟ್ ಹಲಗೆಯ ಕೆಳಗಿನಿಂದ ಹಾಕಿ. ತೂತು ಇಲ್ಲದಿದ್ದರೆ ಮುಂದೆ, ಅಕ್ಕಪಕ್ಕ ಮರದ ಪಟ್ಟಿ ಹೊಡೆದು ಪೆಡಲನ್ನು ಚೌಕಟ್ಟಿನಲ್ಲಿ ಕೂರಿಸಿದರೂ ಸಾಕು. ಬೋಲ್ಟ್ ಉದ್ದವಾಗಿ ಒಳಗಿನ ಸರ್ಕ್ಯೂಟಿಗೆ ತಾಗಬಾರದು, ಹಲಗೆಯ ದಪ್ಪದ ಮೇಲೆ 6ರಿಂದ 8 ಮಿಲಿಮೀಟರ್ ಇದ್ದರೆ ಬಹುತೇಕ ಕಡೆ ಸರಿಹೋಗುತ್ತದೆ, ಅಳೆದೇ ಹಾಕಿ. ಸಾಧಾರಣ ಪ್ಲೈವುಡ್ ಇಲ್ಲಿನ ಶೀತಕ್ಕೆ ಪದರ ಬಿಡುತ್ತದೆ, ವಾಟರ್‌ಪ್ರೂಫ್ ದರ್ಜೆಯದು ಕೇಳಿ ತರಬೇಕು.

ಕೂರುವಾಗ ಮಂಡಿ ತೀರಾ ಮಡಿಚಿರಬಾರದು, ಪೂರ್ತಿ ಚಾಚಿಯೂ ಇರಬಾರದು. ಒಂದು ಪೆಡಲನ್ನು ಕೊನೆಯವರೆಗೆ ಒತ್ತಿದಾಗಲೂ ಆ ಕಾಲು ಸ್ವಲ್ಪ ಮಡಿಚೇ ಇದ್ದರೆ ದೂರ ಸರಿಯಿದೆ. ಬರಿಗಾಲು ಒಳ್ಳೆಯದು, ಕಾಲುಚೀಲ ಜಾರುತ್ತದೆ.

ತಂದ ದಿನ ಮಾಡಬೇಕಾದ ಪರೀಕ್ಷೆ

ಶಿವಮೊಗ್ಗದ ಅಂಗಡಿಗಳಲ್ಲಿ ಪೆಡಲ್ ಕಾಲಿಟ್ಟು ನೋಡಲು ಸಿಗುವುದು ಅಪರೂಪ, ಆನ್‌ಲೈನಿನಲ್ಲೇ ತರಿಸುವುದು ರೂಢಿ. ಹಾಗಾಗಿ ವಾಪಸ್ ಕೊಡುವ ಅವಧಿ ಮುಗಿಯುವ ಮುನ್ನ, ಪೆಟ್ಟಿಗೆ ಹರಿಯದೆ ಇಟ್ಟುಕೊಂಡು, ಪರೀಕ್ಷೆ ಮುಗಿಸಬೇಕು. ಯುಎಸ್‌ಬಿ ಚುಚ್ಚುವಾಗ ಕೋಲಿನಿಂದ ಕೈ, ಪೆಡಲಿನಿಂದ ಕಾಲು ತೆಗೆದಿರಿ. ಆಗ ಇರುವ ಜಾಗವನ್ನೇ ನಡುಬಿಂದು ಎಂದುಕೊಳ್ಳುವ ಸಾಧನಗಳಿವೆ. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಜಾಯ್ ಡಾಟ್ ಸಿಪಿಎಲ್ ಎಂದು ಇಂಗ್ಲಿಷಿನಲ್ಲಿ ಟೈಪಿಸಿದರೆ ಗೇಮ್ ಕಂಟ್ರೋಲರ್ ಪುಟ ತೆರೆಯುತ್ತದೆ, ಪ್ರಾಪರ್ಟೀಸ್‌ನಲ್ಲಿ ಎಲ್ಲ ಆಕ್ಸಿಸ್ ಕಾಣುತ್ತವೆ.

ಕೋಲನ್ನು ನಾಲ್ಕು ದಿಕ್ಕಿಗೂ ಒಯ್ದು ಮೆಲ್ಲಗೆ ಬಿಡಿ. ನಾಲ್ಕು ಸಲವೂ ಗುರುತು ಒಂದೇ ಜಾಗಕ್ಕೆ ಬರಬೇಕು. ಆಮೇಲೆ ಬಹಳ ನಿಧಾನವಾಗಿ, ಹತ್ತು ಸೆಕೆಂಡಿಗೆ ಒಂದು ಸುತ್ತಿನಂತೆ, ಅಂಚಿನುದ್ದಕ್ಕೂ ತಿರುಗಿಸಿ. ಗುರುತು ಹಾರಿ ಹಾರಿ ಹೋದರೆ ಪಾಟ್ ಕೆಟ್ಟಿದೆ ಅಥವಾ ಗಿಂಬಲ್ ಅಂಟುತ್ತಿದೆ. ಟ್ವಿಸ್ಟ್ ಮಾತ್ರ ತಿರುಗಿಸಿ, ಉಳಿದವು ಅಲುಗಬಾರದು. ಪೆಡಲಿನಲ್ಲಿ ಬ್ರೇಕ್ ಮುಟ್ಟದೆ ರಡ್ಡರ್ ಎಡಬಲಕ್ಕೆ ಒಯ್ಯಿರಿ, ಬ್ರೇಕಿನ ಪಟ್ಟಿ ಏರಿದರೆ ಜೋಡಣೆಯಲ್ಲಿ ತಪ್ಪಿದೆ. ಕೊನೆಗೆ ವೈರ್ ಬುಡದಲ್ಲಿ ಹಿಡಿದು ಸ್ವಲ್ಪ ಅಲುಗಿಸಿ, ಸಾಧನ ಕಡಿದುಹೋಗಿ ಮತ್ತೆ ಸೇರಿಕೊಂಡ ಸದ್ದು ಬಂದರೆ ವಾಪಸ್ ಕಳಿಸಿ. ಅರ್ಧ ಗಂಟೆ ಹಾಗೇ ಬಿಟ್ಟು ಮತ್ತೊಮ್ಮೆ ನೋಡುವುದೂ ಒಳ್ಳೆಯದು, ಬಿಸಿಯಾದ ಮೇಲೆ ನಡುಬಿಂದು ಸರಿಯುವ ಸೆನ್ಸರ್‌ಗಳಿವೆ. ಈ ಪುಟದಲ್ಲಿರುವ ಕ್ಯಾಲಿಬ್ರೇಷನ್ ಬಟನ್ ಪಾಟ್ ಇರುವವಕ್ಕೆ ಮಾತ್ರ. ತನ್ನದೇ ಸಾಫ್ಟ್‌ವೇರಿನಿಂದ ಹೊಂದಿಸಿಕೊಳ್ಳುವ ಸಾಧನಕ್ಕೆ ಅದನ್ನು ಒತ್ತಿ ಸರಿ ಇದ್ದುದನ್ನು ಕೆಡಿಸಿಕೊಂಡವರೇ ಹೆಚ್ಚು.

ಆಟದೊಳಗೆ ಎರಡು ತೊಡಕು ಎಲ್ಲರಿಗೂ ಬರುತ್ತವೆ. ಪೆಡಲ್ ಚುಚ್ಚಿದ ಮೇಲೂ ಜಾಯ್‌ಸ್ಟಿಕ್‌ನ ಟ್ವಿಸ್ಟ್ ರಡ್ಡರ್‌ಗೇ ಜೋಡಣೆಯಾಗಿರುತ್ತದೆ, ಎರಡೂ ಜಗಳವಾಡಿ ವಿಮಾನ ಅತ್ತಿತ್ತ ಎಳೆಯುತ್ತದೆ. ಟ್ವಿಸ್ಟ್‌ನ ಜೋಡಣೆ ಅಳಿಸಬೇಕು. ಇನ್ನೊಂದು, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನಲ್ಲಿ ಟೋ ಬ್ರೇಕ್ ಆಕ್ಸಿಸ್ ತಲೆಕೆಳಗಾಗಿ ಕೂರುವುದು. ಕಾಲು ತೆಗೆದಾಗ ಬ್ರೇಕ್ ಪೂರ್ತಿ ಹಿಡಿದಿರುತ್ತದೆ, ಥ್ರಾಟಲ್ ಎಷ್ಟು ಕೊಟ್ಟರೂ ವಿಮಾನ ಕದಲುವುದಿಲ್ಲ. ಆ ಎರಡು ಆಕ್ಸಿಸ್‌ಗೆ ರಿವರ್ಸ್ ಗುರುತು ಹಾಕಿದರೆ ಮುಗಿಯಿತು. ಬ್ರೇಕಿಗೆ ಶೇ 5ರಿಂದ 10 ಡೆಡ್ ಝೋನ್ (ನಡುಬಿಂದು ಅಥವಾ ತುದಿಯ ಬಳಿ ಸಣ್ಣ ಅಲುಗಾಟವನ್ನು ಆಟ ಲೆಕ್ಕಿಸದ ಜಾಗ), ರಡ್ಡರ್‌ಗೆ ಶೇ 3ರಿಂದ 5, ಸೆನ್ಸಿಟಿವಿಟಿ ಮೈನಸ್ 30ರ ಆಸುಪಾಸು ಇಟ್ಟು ಶುರುಮಾಡಿ. ಡೆಡ್ ಝೋನ್ ಶೇ 10 ದಾಟಿಸಿದರೆ ಮಾತ್ರ ನಡುಕ ನಿಲ್ಲುತ್ತದೆ ಎಂದಾದರೆ ಸೆನ್ಸರ್ ಹೋಗಿದೆ ಎಂದೇ ಅರ್ಥ.

ಆಟದ ಮಧ್ಯೆ ಪೆಡಲ್ ಸತ್ತು ಮತ್ತೆ ಬದುಕುತ್ತಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ಹಬ್‌ಗಳ ಪವರ್ ಮ್ಯಾನೇಜ್‌ಮೆಂಟ್ ಗುರುತು ತೆಗೆಯಿರಿ. ಎಕ್ಸ್‌ಟೆನ್ಷನ್ ವೈರ್ ಸೇರಿ ಒಟ್ಟು ಉದ್ದ 5 ಮೀಟರ್ ಮೀರಬಾರದು.

ಮಳೆಗಾಲದ ಆರೈಕೆ

ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಬಳಸದ ಜಾಯ್‌ಸ್ಟಿಕ್ ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿಗೆ ಹೋಗಲಿ, ಜೊತೆಗೆ 100 ಗ್ರಾಂ ಸಿಲಿಕಾ ಜೆಲ್. ಕಿತ್ತಳೆ ಬಣ್ಣದ ಬಗೆ ತನ್ನಿ, ತೇವ ಹೀರಿದಾಗ ಹಸಿರಿಗೆ ತಿರುಗುತ್ತದೆ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಉಪ್ಪು ಇರುವುದರಿಂದ ಅಡುಗೆ ಪಾತ್ರೆಯಲ್ಲಿ ಹುರಿದು ಒಣಗಿಸುವುದು ಸರಿಯಲ್ಲ. ಬೆಚ್ಚಗಿರುತ್ತದೆಂದು ಒಲೆಯ ಮೇಲಿನ ಅಟ್ಟದಲ್ಲಿಡುವ ಯೋಚನೆ ಬೇಡ. ಅಲ್ಲಿನ ಮಸಿ ಅಡಿಕೆಗೆ ಏನೂ ಮಾಡದು, ಗ್ರೀಸಿಗೆ ಅಂಟಿದರೆ ಗಿಂಬಲ್ ಅರೆಯುವ ಕಲ್ಲಾಗುತ್ತದೆ. ಹಿಡಿಗೆ ಮೆತ್ತನೆಯ ರಬ್ಬರ್ ಲೇಪ ಇರುವ ಮಾದರಿಗಳನ್ನು ಇಲ್ಲಿನವರು ದೂರ ಇಡುವುದೇ ವಾಸಿ, ತೇವಕ್ಕೆ ಆ ಲೇಪ ಕೆಲವು ವರ್ಷದಲ್ಲಿ ಜಿಗುಟು ಬೆಲ್ಲದಂತಾಗುತ್ತದೆ. ಗುಡುಗು ಕೇಳಿದ ತಕ್ಷಣ ಕಂಪ್ಯೂಟರಿನ ಪ್ಲಗ್ಗಿನ ಜೊತೆ ಯುಎಸ್‌ಬಿಯನ್ನೂ ಕೀಳಿ. ಪೆಡಲಿನ ಒಳಗೆ ಇರುವೆ ಗೂಡು ಮಾಡುವುದು ಸಾಮಾನ್ಯ, ತಿಂಗಳಿಗೊಮ್ಮೆ ಮಗುಚಿ ನೋಡಬೇಕು.

ಎಣ್ಣೆ ಹಾಕುವುದರಲ್ಲೇ ಹೆಚ್ಚು ಸಾಮಾನು ಹಾಳಾಗುತ್ತವೆ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಗಾಡಿಯ ಗ್ರೀಸ್ ಯಾವುದೂ ಬೇಡ. ಪೆಟ್ರೋಲಿಯಂ ಮೂಲದವು ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಬಿರುಕು ಬಿಡಿಸುತ್ತವೆ, ಕೊಬ್ಬರಿ ಎಣ್ಣೆ ಕಮಟಿ ಗಟ್ಟಿಯಾಗುತ್ತದೆ. ಹಳಿಯನ್ನು ಒಣಬಟ್ಟೆಯಲ್ಲಿ ಒರೆಸಿ ಸಿಲಿಕಾನ್ ಗ್ರೀಸನ್ನು ಬೆರಳಿಗೆ ಹತ್ತಿದಷ್ಟೇ ಸವರಿದರೆ ಸಾಕು.

ಪಾಟ್ ನಡುಗತೊಡಗಿದರೆ ಎಸೆಯುವ ಮುನ್ನ ಒಂದು ಅವಕಾಶ ಕೊಡಿ. ವಾರಂಟಿ ಮುಗಿದಿದ್ದರೆ ಮಾತ್ರ ಬಿಚ್ಚಿ. ಪಾಟ್‌ನ ಕಾಲುಗಳ ಮೇಲಿರುವ ಸಂದಿಯಿಂದ ಕಾಂಟ್ಯಾಕ್ಟ್ ಕ್ಲೀನರ್ ಎರಡು ಸಲ ಸಿಂಪಡಿಸಿ, ಒಂದು ತುದಿಯಿಂದ ಇನ್ನೊಂದಕ್ಕೆ ಮೂವತ್ತು ನಲವತ್ತು ಸಲ ತಿರುಗಿಸಿ, ಅರ್ಧ ಗಂಟೆ ಆರಲು ಬಿಟ್ಟು ಮುಚ್ಚಿ. ಕೆಲವು ತಿಂಗಳು ತಡೆಯುತ್ತದೆ. ಮತ್ತೆ ಬಂದರೆ ಬದಲಿಸುವುದೇ ದಾರಿ. ಪಾಟ್‌ನ ಬೆನ್ನಿನ ಮೇಲೆ ಬಿ103 ಎಂದಿದ್ದರೆ 10 ಕಿಲೋ ಓಮ್, ಬಿ104 ಎಂದಿದ್ದರೆ 100 ಕಿಲೋ ಓಮ್. ಮುಂದಿನ ‘ಬಿ’ ಅಕ್ಷರ ಮುಖ್ಯ, ಅದು ಸಮ ಪ್ರಮಾಣದ ಬಗೆ ಎಂಬ ಗುರುತು. ರೇಡಿಯೊ ವಾಲ್ಯೂಮಿಗೆ ಬಳಸುವ ‘ಎ’ ಬಗೆ ಹಾಕಿದರೆ ರಡ್ಡರ್ ಒಂದು ಕಡೆ ಮಂದ, ಇನ್ನೊಂದು ಕಡೆ ಚುರುಕಾಗುತ್ತದೆ. ಟಿವಿ ರಿಪೇರಿ ಅಂಗಡಿಯಲ್ಲಿ ಬಿ ಬಗೆ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಬಹುದು. ತಿರುಗಣಿಯ ಉದ್ದ ಮತ್ತು ಆಕಾರ ಹಳೆಯದರಂತೆಯೇ ಇರಲಿ, ಬೆಸುಗೆಗೆ ಮೊದಲು ಮೂರು ವೈರಿನ ಫೋಟೊ ತೆಗೆದಿಟ್ಟುಕೊಳ್ಳಿ.

ಕೈಕೆಲಸ ಬಲ್ಲವರು ಪಾಟ್ ಜಾಗಕ್ಕೆ ಹಾಲ್ ಸೆನ್ಸರನ್ನೇ ಕೂರಿಸುತ್ತಾರೆ. ಮೂರು ಕಾಲಿನ ಎಸ್‌ಎಸ್49ಇ, ಒಂದು ಪುಟ್ಟ ನಿಯೋಡಿಮಿಯಂ ಅಯಸ್ಕಾಂತ, ಎಪಾಕ್ಸಿ ಇದ್ದರೆ ಆಯಿತು. ಅಂಗಡಿಯಲ್ಲಿ ಹಾಲ್ ಸೆನ್ಸರ್ ಎಂದಷ್ಟೇ ಕೇಳಿದರೆ ಎ3144 ಕೊಟ್ಟುಬಿಡುವುದುಂಟು. ಅದು ಇದೆ, ಇಲ್ಲ ಎಂದಷ್ಟೇ ಹೇಳುವ ಸ್ವಿಚ್. ರಡ್ಡರ್ ಪೂರ್ತಿ ಎಡ ಅಥವಾ ಪೂರ್ತಿ ಬಲ, ನಡುವೆ ಏನೂ ಇರುವುದಿಲ್ಲ. ಅಯಸ್ಕಾಂತ ಸರಿದಷ್ಟೂ ಓದು ಬದಲಾಗುವ ಲೀನಿಯರ್ ಬಗೆಯೇ ಬೇಕು ಎಂದು ಒತ್ತಿ ಹೇಳಿ, ಚಿಪ್ಪಿನ ಮೇಲಿನ ನಂಬರ್ ಓದಿಯೇ ದುಡ್ಡು ಕೊಡಿ.